ವಿಮಾನದ ಸದ್ದು ಕೇಳಿಸಲು ಹೊರಟದ್ದು

ಕಾರವಾರದಲ್ಲಿ ಕ್ಯಾಮರಾ ಹಿಡಿದು ಆಕಾಶ ನೋಡುವವನು ಮೊದಲು ಅಕ್ಕಪಕ್ಕ ನೋಡಿಕೊಳ್ಳಬೇಕು. ನೌಕಾನೆಲೆಯ ಊರು. ಉದ್ದುದ್ದ ಗೋಡೆಗಳು, ಗೋಡೆಯ ಮೇಲೆ ಫಲಕ, ಫಲಕದಲ್ಲಿ ಕ್ಯಾಮರಾದ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಹಾಗಾಗಿ ನಮ್ಮ ಕಡೆಯ ಫೋಟೋಗ್ರಾಫರುಗಳು ಸೂರ್ಯಾಸ್ತ, ದೋಣಿ ಮತ್ತು ಮದುವೆಗಳಲ್ಲೇ ಆಯುಷ್ಯ ಕಳೆಯುತ್ತಾರೆ. ನಾನೂ ಅಷ್ಟೇ. ಆವರೆಗೆ ನಾನು ತೆಗೆದಿದ್ದ ವಿಮಾನದ ಫೋಟೋ ಒಂದೇ. ಕಡಲತೀರದಲ್ಲಿ ಜನ ನೋಡಲೆಂದು ನಿಲ್ಲಿಸಿಟ್ಟಿರುವ ಹಳೆಯ ವಿಮಾನದ್ದು. ಬಹಳ ಸ್ಪಷ್ಟವಾಗಿ ಬಂದಿತ್ತು. ವಿಮಾನ ಅಲುಗಾಡಿರಲಿಲ್ಲವಾದ್ದರಿಂದ ಆ ಶ್ರೇಯಸ್ಸು ನನಗಿಂತ ಅದಕ್ಕೇ ಹೆಚ್ಚು ಸೇರಬೇಕು.

ಇಂಥವನಿಗೆ ಬೆಂಗಳೂರಿನ ವಿಮಾನ ಪ್ರದರ್ಶನಕ್ಕೆ ಹೋಗಿ, ಮೋಡ ಸೀಳಿಕೊಂಡು ಹಾರುವ ಯುದ್ಧವಿಮಾನಗಳ ಫೋಟೋ ತೆಗೆಯುವ ಹುಚ್ಚು ಹಿಡಿದದ್ದು ಏಕೆಂದು ಹೇಳಬೇಕಾದರೆ ನನ್ನ ಹೆಂಡತಿ ಸುಮತಿಯ ವಿಷಯ ಹೇಳಬೇಕಾಗುತ್ತದೆ.

ಸುಮತಿ ಅಂಕೋಲೆ ಬದಿಯ ಹಾರವಾಡದವಳು. ಮಾತುಗಾತಿ. ನಾನು ದಿನವಿಡೀ ಕೈಗಾದ ಅಣುಸ್ಥಾವರದಲ್ಲಿ ಯಂತ್ರಗಳ ನಡುವೆ ದುಡಿದು, ಕಂಪನಿಯ ಬಸ್ಸಿನಲ್ಲಿ ತೂಕಡಿಸುತ್ತ ಸಂಜೆ ಮನೆಗೆ ಬಂದರೆ, ಅವಳು ತಂಗಿ ಲತಾಳ ಜೊತೆ ಫೋನಿನಲ್ಲಿರುತ್ತಿದ್ದಳು. ಹಾರವಾಡದ ದಂಡೆಗೆ ಅಂದು ಬಂಗಡೆ ಮೀನು ಬಂತೋ ನೊಗಲಿ ಮೀನು ಬಂತೋ ಎಂಬಲ್ಲಿಂದ ಆರಂಭವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡು ಹೋಯಿತು. ಹುಬ್ಬಳ್ಳಿಯ ವೈದ್ಯರು ನರವೇ ಸೋತಿದೆ ಎಂದರು. ಕಿವಿಗೆ ಹಾಕಿದ ಯಂತ್ರದಲ್ಲಿ ಮೊದಮೊದಲು ಗರಗರ ಎನ್ನುತ್ತಿತ್ತು, ಆಮೇಲೆ ಅದೂ ಇಲ್ಲ.

ಕಿವಿ ಹೋದರೆ ಕೇಳುವುದು ಮಾತ್ರ ಹೋಗುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದು ದಿನ ಬಸ್ಸಿನಲ್ಲಿ ಸುಮತಿ ಏನೋ ಹೇಳಿದಾಗ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಆ ಮುಖಗಳನ್ನು ನೋಡಿ ತಿಳಿದುಕೊಂಡಳು. ಅಂದಿನಿಂದ ಹೊರಗೆ ಹೋದಾಗ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮನೆಯಲ್ಲಿ ನಾನು ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದೆ. ಆದರೆ ಏನು ಬರೆಯುತ್ತೀರಿ? ಗ್ಯಾಸ್ ಮುಗಿದಿದೆ, ನಾಳೆ ನೀರಿಲ್ಲ, ಮಾತ್ರೆ ತಗೊಂಡೆಯಾ. ಪಕ್ಕದ ಮನೆಯವರು ಬೆಕ್ಕನ್ನು ಬೈಯುವುದು ಕೇಳಿ ನಗು ಬಂದರೆ ಅದನ್ನು ಯಾರೂ ಬರೆದು ತೋರಿಸುವುದಿಲ್ಲ. ಬರೆಯುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ಹೀಗೆ ನಮ್ಮ ಮನೆಯಲ್ಲಿ ಸಣ್ಣ ಮಾತುಗಳು ಮೊದಲು ಸತ್ತವು. ಉಳಿದ ದೊಡ್ಡ ಮಾತುಗಳು ದಿನಕ್ಕೆ ನಾಲ್ಕು ಸಾಲು ಮೀರುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಆ ಮೌನದಲ್ಲಿ ಕೂತಿರಲಾರದೆ ನಾನು ಕ್ಯಾಮರಾ ಹಿಡಿದೆ. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಪ್ರಶಾಂತ ನನ್ನ ಗುರು. ವಯಸ್ಸಿನಲ್ಲಿ ಚಿಕ್ಕವನು, ಮದುವೆಯ ಸೀಸನ್ ಮುಗಿದರೆ ಊರೂರು ತಿರುಗಿ ಫೋಟೋ ತೆಗೆಯುತ್ತಾನೆ. ಒಂದು ದಿನ ತಾನು ತೆಗೆದ ವಿಮಾನಗಳ ಚಿತ್ರ ತೋರಿಸುತ್ತ ಹೇಳಿದ: "ಕಾಕಾ, ಈ ಸಲ ಏರ್‌ಶೋಗೆ ನೀವೂ ಬನ್ನಿ. ಆ ಶಬ್ದ ಕಿವಿಗೆ ಕೇಳೂದಲ್ಲ ಮಾರಾಯ್ರೆ, ಎದೆಗೇ ಬಂದು ಬಡಿತದೆ. ಕಿವಿ ಮುಚ್ಕಂಡ್ರೂ ಬಿಡೂದಿಲ್ಲ."

ಚಿತ್ರಗಳನ್ನು ನಾನು ಆಮೇಲೆ ನೋಡಲೇ ಇಲ್ಲ. ಕಿವಿಯ ಹಂಗಿಲ್ಲದ ಶಬ್ದ ಒಂದಿದೆ ಎಂಬುದೇ ತಲೆಯಲ್ಲಿ ಸುತ್ತತೊಡಗಿತು.

ಅಭ್ಯಾಸಕ್ಕೆ ಹಾರವಾಡದ ದಂಡೆಯನ್ನು ಆರಿಸಿಕೊಂಡು ಸುಮತಿಯ ಜೊತೆ ಅವಳ ತವರಿಗೆ ಹೋದೆ. ದೋಣಿಗಳು ಬಂದು ಬಲೆ ಕೊಡವುವ ಹೊತ್ತಿಗೆ ಅಲ್ಲಿ ಗರುಡಗಳು ಸುತ್ತುತ್ತವೆ. ಯುದ್ಧವಿಮಾನದ ಬದಲಿಗೆ ಸದ್ಯಕ್ಕೆ ಅವೇ ಸಾಕೆಂದುಕೊಂಡೆ. ಸಂಜೆ ಲತಾ ಚಿತ್ರಗಳನ್ನು ಒಂದೊಂದಾಗಿ ಸರಿಸಿ, "ಭಾವಾ, ಎಲ್ಲಾ ಬರೀ ಆಕಾಶವೇ ಅದೆಯಲಾ, ಹಕ್ಕಿ ಎಲ್ಲದೆ?" ಎಂದು ಕೇಳಿದಳು. "ಈಗಷ್ಟೇ ಹೋಯ್ತು" ಎಂದೆ. ಅವಳು ನಕ್ಕಳು. ಅಕ್ಕನಿಗೆ ಆ ನಗುವಿನ ಕಾರಣ ತಿಳಿಯಲಿಲ್ಲ. ತಿಳಿಸಲು ನಾವೂ ಹೋಗಲಿಲ್ಲ. ಸುಮತಿ ಎದ್ದು ಹೋಗಿ ದಂಡೆಗೆ ಎಳೆದಿಟ್ಟ ದೋಣಿಯೊಂದರ ಅಂಚಿಗೆ ಕೂತಳು.

ನಾನು ಪಕ್ಕಕ್ಕೆ ಹೋಗಿ ಕೂತು ಪ್ರಶಾಂತ ಹೇಳಿದ್ದನ್ನು ಮೊಬೈಲಿನಲ್ಲಿ ಬರೆದು ತೋರಿಸಿದೆ. ಅವಳು ಬಹಳ ಹೊತ್ತು ಓದಿದಳು. ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನಂಗೂ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ವೈದ್ಯರು ಹೇಳಿದ್ದು ನನಗೂ ನೆನಪಿತ್ತು, ಅವಳಿಗೂ ನೆನಪಿತ್ತು. ಆದರೂ ತಲೆ ಆಡಿಬಿಟ್ಟಿತು.

ಆಮೇಲೆ ಪ್ರಯಾಣದ ತಯಾರಿ ಅವಳ ಕೈಗೆ ಹೋಯಿತು. ರೈಲಿನ ಟಿಕೆಟ್ಟು, ಬಿಸಿಲಿಗೆ ಟೊಪ್ಪಿ, ದಾರಿಗೆ ಅವಲಕ್ಕಿ, ಯಲಹಂಕದ ಹತ್ತಿರ ಉಳಿಯಲು ಒಂದು ಕೋಣೆ. ನನಗೆ ಲೆನ್ಸ್, ಶಟರ್ ವೇಗಗಳದೇ ಚಿಂತೆ. ಅವಳು ಬೇರೇನೋ ಅಭ್ಯಾಸ ಮಾಡುತ್ತಿದ್ದಳು. ಚಟ್ನಿ ರುಬ್ಬುವಾಗ ಮಿಕ್ಸರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ನಾನು ನೋಡಿದ್ದು ಕಂಡರೆ ಕೈ ತೆಗೆದುಬಿಡುತ್ತಿದ್ದಳು. ಕಿವಿಗೆ ಹತ್ತಿ ಒಯ್ಯಲೇಬೇಕೆಂದು ಪ್ರಶಾಂತ ಹೇಳಿದ್ದ. ಚೀಲ ತುಂಬುವಾಗ ಅವಳು ಒಂದು ಸಣ್ಣ ತುಣುಕು ಹರಿದಿಟ್ಟು, "ಒಬ್ರಿಗೆ ಸಾಕಲಾ" ಎಂದಳು. ಎಷ್ಟೋ ಕಾಲದ ನಂತರ ನಮ್ಮ ಮನೆಯಲ್ಲಿ ಹುಟ್ಟಿದ ತಮಾಷೆ ಅದು. ನಗಬೇಕೋ ಬೇಡವೋ ತಿಳಿಯದೆ ನಾನು ಕ್ಯಾಮರಾ ಒರೆಸಿದೆ.

ಪ್ರದರ್ಶನದ ದಿನ ಅಷ್ಟು ಜನರ ನಡುವೆ ಬೇಲಿಯ ಬದಿಗೆ ಹೇಗೋ ಜಾಗ ಹಿಡಿದೆವು. ಮಿಂಚು ಮೊದಲು, ಗುಡುಗು ಆಮೇಲೆ ಎಂದು ಶಾಲೆಯಲ್ಲಿ ಕಲಿತದ್ದು ವಿಮಾನಕ್ಕೂ ಸಲ್ಲುತ್ತದೆಂದು ನಾನು ಮರೆತಿದ್ದೆ. ಸದ್ದು ಬಂದ ಕಡೆ ಕ್ಯಾಮರಾ ಎತ್ತಿದರೆ ಅಲ್ಲಿ ಏನೂ ಇರುವುದಿಲ್ಲ. ವಿಮಾನ ತನ್ನ ಸದ್ದನ್ನು ಹಿಂದೆ ಬಿಟ್ಟು ಎಷ್ಟೋ ಮುಂದೆ ಹೋಗಿರುತ್ತದೆ. ನನ್ನ ಸುತ್ತಲಿದ್ದ ಹೊಸಬರೆಲ್ಲ ನನ್ನ ಹಾಗೆಯೇ ತಪ್ಪು ದಿಕ್ಕಿಗೆ ಕತ್ತು ತಿರುಗಿಸುತ್ತಿದ್ದರು. ಸುಮತಿಯನ್ನು ಮಾತ್ರ ಯಾವ ಸದ್ದೂ ದಾರಿ ತಪ್ಪಿಸಲಿಲ್ಲ. ನನ್ನ ಭುಜ ತಟ್ಟಿ ಬೆರಳು ತೋರಿಸಿದಳು. ಬೆರಳಿನ ತುದಿಯಲ್ಲೇ ವಿಮಾನವಿತ್ತು. ನೋಡುವ ಹಾಗಿರುವ ಫೋಟೋಗಳು ನನಗೆ ಸಿಕ್ಕಿದ್ದು ಹಾಗೆ.

ಆಮೇಲೆ ಒಂದು ವಿಮಾನ ನಮ್ಮೆದುರೇ ನೆಲ ಬಿಟ್ಟು ನೆಟ್ಟಗೆ ಮೇಲಕ್ಕೆ ಏರಿತು. ಹತ್ತಿಯೊಳಗಿಂದಲೂ ನನ್ನ ತಲೆ ಬಿರಿಯುವಂತಾಯಿತು. ಜನ ಕಿವಿ ಮುಚ್ಚಿಕೊಂಡರು. ಸುಮತಿ ಎರಡೂ ಕೈಗಳನ್ನು ಎದೆಯ ಮೇಲಿಟ್ಟು ನಿಂತಿದ್ದಳು. ನಾನು ಕ್ಯಾಮರಾ ಇಳಿಸಿ ಅವಳನ್ನೇ ನೋಡಿದೆ. ಸದ್ದು ಬಂತು, ನಮ್ಮ ಮೈಯೊಳಗೆ ಹೊಕ್ಕು ಹಾದುಹೋಯಿತು. ಅವಳ ಕಣ್ಣಲ್ಲಿ ನೀರು ಬಂತು. ತಲುಪಿತು, ತಲುಪಿತು ಎಂದು ನಾನು ಹಿಗ್ಗಿದೆ.

"ಇಷ್ಟೇಯಾ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಶಬ್ದ ಅಲ್ಲ ಇದು. ಯಾರೋ ನೂಕಿದ ಹಾಂಗೆ ಆಯ್ತು, ಅಷ್ಟೇ."

ನೆರಳಿಲ್ಲದ ಆ ಬಯಲಿನಲ್ಲಿ ಅವಳು ಕೂತುಬಿಟ್ಟಳು. ಟೊಪ್ಪಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತಳು. ಅಷ್ಟು ದೊಡ್ಡ ಸದ್ದಿಗೆ ಒಳಗೆ ಎಲ್ಲೋ ಒಂದು ಬಾಗಿಲಾದರೂ ತೆರೆದೀತೆಂದು ಅವಳು ಅಂದುಕೊಂಡಿದ್ದಳು. ನಾನೂ ಅಂದುಕೊಂಡಿದ್ದೆ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಾನು ಬೆನ್ನ ಮೇಲೆ ಕೈ ಇಟ್ಟು ಕೂತೆ. ಮೇಲೆ ವಿಮಾನಗಳು ಬಣ್ಣದ ಹೊಗೆ ಬಿಡುತ್ತಿದ್ದವು, ಜನ ಕೂಗುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು ಕೇಳಿದಳು: "ನಿಮಗೆ ಹ್ಯಾಂಗೆ ಕೇಳ್ತು? ಹೇಳಿ."

ಮೊಬೈಲು ತೆಗೆದೆ. 'ಬಹಳ ಜೋರು' ಎಂದು ಬರೆದೆ. ಅವಳು ಓದಿ, ಮತ್ತೆ ನನ್ನ ಮುಖವನ್ನೇ ನೋಡುತ್ತ ಕಾದಳು. ಅಳಿಸಿದೆ. 'ದೊಡ್ಡ ಬಟ್ಟೆಯ ತಾನನ್ನು ಇಬ್ಬರು ಹಿಡಿದು ಹರಿದ ಹಾಗೆ' ಎಂದು ಬರೆದೆ. "ಮತ್ತೆ?" ಎಂದಳು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಒಮ್ಮೆಲೇ ಹೊಡೆದ ಹಾಗೆ. ಕೊನೆಗೆ ಕಡಲು ಹಿಂದೆ ಸರಿಯುವಾಗ ಉಸುಕು ಸದ್ದು ಮಾಡುತ್ತದಲ್ಲ, ಹಾಗೆ ಸಣ್ಣದಾಗುತ್ತ ಹೋಯಿತು. ಮುಂದಿನ ವಿಮಾನ ಬಂದಾಗ ಅವಳೇ ನನ್ನ ಮೊಣಕೈ ಹಿಡಿದು, "ಇದು?" ಎಂದಳು. ನಾನು ಬರೆದೆ. ಕೈ ಸೋತಾಗ ಬಾಯಿಂದಲೇ ನಿಧಾನವಾಗಿ ಹೇಳಿ, ಕೈ ಆಡಿಸಿ, ಕೆನ್ನೆ ಉಬ್ಬಿಸಿ ತೋರಿಸಿದೆ. ಪಕ್ಕದವರು ವಿಮಾನ ಬಿಟ್ಟು ನನ್ನನ್ನು ನೋಡಿದರೆಂದು ಕಾಣುತ್ತದೆ. ಫೋಟೋ ತೆಗೆಯುವುದು ಅಂದಿಗೆ ಅಲ್ಲಿಗೇ ನಿಂತಿತು.

ಕಾರವಾರಕ್ಕೆ ಮರಳುವ ರೈಲಿನಲ್ಲಿ ಎದುರಿಗೆ ಕುಮಟೆಯ ಹಿರಿಯ ಹೆಂಗಸೊಬ್ಬರು ಕೂತಿದ್ದರು. ನಮ್ಮ ಬಿಸಿಲು ತಿಂದ ಮುಖ ನೋಡಿ ಎಲ್ಲಿಗೆ ಹೋಗಿದ್ದಿರೆಂದು ವಿಚಾರಿಸಿದರು. ನಾನು ಉತ್ತರಿಸಿದೆ. "ಅಯ್ಯೋ, ಅಲ್ಲಿ ಭಾರೀ ಶಬ್ದವಂತಲಾ?" ಎಂದು ಅವರು ಸುಮತಿಯತ್ತ ತಿರುಗಿದರು. ಅವಳಿಗೆ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸುಮತಿ ಅವರ ತುಟಿಯಿಂದಲೋ ಕಣ್ಣಿನಿಂದಲೋ ಪ್ರಶ್ನೆಯನ್ನು ಹಿಡಿದುಕೊಂಡಿದ್ದಳು.

"ಶಬ್ದ ಅಂದ್ರೆ ಎಂತಾ ಶಬ್ದ ಅಂತ್ರಿ!" ಎಂದಳು. ದನಿ ಬೋಗಿಯ ಆ ತುದಿಗೂ ಕೇಳಿರಬೇಕು, ಜನ ತಿರುಗಿದರು. ಅವಳು ಅವರನ್ನು ನೋಡಿದಳು, ನಿಲ್ಲಿಸಲಿಲ್ಲ. ಬಟ್ಟೆಯ ತಾನು ಹರಿದಳು, ತಗಡಿನ ಮೇಲೆ ಮಳೆ ಹೊಯ್ಯಿಸಿದಳು. ಒಂದು ವಿಮಾನ ಸಿಟ್ಟು ಬಂದ ಕೋಣದ ಹಾಗೆ ಬುಸುಗುಟ್ಟಿತು, ಇನ್ನೊಂದು ಹಾದುಹೋಗುವಾಗ ಬಾವಿಗೆ ಕೊಡ ಬಿದ್ದ ಹಾಗೆ ಗುಳುಂ ಎಂದಿತು. ಕುಮಟೆಯವರು ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. ನಾನೂ ಕೇಳಿದೆ. ಅವಳು ಹೇಳಿದ್ದರಲ್ಲಿ ಅರ್ಧದಷ್ಟು ನಾನು ಹೇಳಿಕೊಟ್ಟದ್ದೇ ಅಲ್ಲ.