ಎರಡು ತಟ್ಟಿದರೆ ಹೊರಡು

ಕಂಡಕ್ಟರಮ್ಮನಿಗೆ ಆ ದಿನ ಸಾಕುಬೇಕಾಗಿ ಹೋಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಚಿಕ್ಕ ದ್ವೀಪದಲ್ಲಿ ಕಾರನ್ನು ಲಾಂಚಿಗೆ ಹತ್ತಿಸಿ, ದೊಡ್ಡ ದ್ವೀಪದಲ್ಲಿ ಇಳಿಸಿ, ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಈಗ ಸಂಜೆಯ ಲಾಂಚಿಗೆ ಗಂಡ ಹೆಂಡತಿ ವಾಪಸು ಹೊರಟಿದ್ದರು. ಬೆಳಿಗ್ಗೆ ಕಟ್ಟಿಕೊಂಡು ಬಂದ ಬುತ್ತಿಯನ್ನು ಇಬ್ಬರೂ ಬಿಚ್ಚಿರಲಿಲ್ಲ. ಹಸಿವು ಯಾರಿಗಿತ್ತು?

ಇಬ್ಬರೂ ರಿಟೈರಾಗಿ ಎಷ್ಟೋ ಕಾಲವಾಗಿದ್ದರೂ ಊರಿನ ಬಾಯಲ್ಲಿ ಗಂಡ ಇನ್ನೂ ಡ್ರೈವರು, ಈಕೆ ಇನ್ನೂ ಕಂಡಕ್ಟರಮ್ಮ. ಚಿಕ್ಕ ದ್ವೀಪಕ್ಕಿದ್ದದ್ದು ಒಂದೇ ಬಸ್ಸು. ಓಡಿಸಿದವರು ಅವರು, ಟಿಕೆಟ್ ಹರಿದವಳು ಈಕೆ. ಮೊದಲ ಮೂರು ತಿಂಗಳು ಚಿಲ್ಲರೆಗಾಗಿ ಜಗಳವಾಡಿದರು, ನಾಲ್ಕನೆಯ ತಿಂಗಳು ಮದುವೆಯಾದರು. ಬಸ್ಸಿನ ಕನ್ನಡಿ ಒಡೆದು ಹೋದದ್ದು ಯಾವ ಕಾಲದಲ್ಲೋ ಏನೋ, ಹೊಸದು ಹಾಕಿಸುವ ಪುಣ್ಯಾತ್ಮ ಯಾರೂ ಹುಟ್ಟಲಿಲ್ಲ. ಆಕೆ ಹಿಂದಿನಿಂದ ತಗಡನ್ನು ಒಂದು ಸಲ ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು. ಡ್ರೈವರು ಅತ್ತಿತ್ತ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. "ಅವಳು ತಟ್ಟಿದ್ಮೇಲೆ ಮುಗೀತು, ನೋಡೋದೇನಿದೆ?" ಎನ್ನುತ್ತಿದ್ದರು. ಹೆಂಡತಿಯನ್ನು ಇಷ್ಟು ನಂಬಿದ ಗಂಡಸನ್ನು ಹುಡುಕಿ ತನ್ನಿ ನೋಡೋಣ!

ರಿಟೈರಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ಡ್ರೈವರದಲ್ಲ. ಹಳೆಯ ಕಾರೊಂದನ್ನು ಕೊಂಡು ಜನರನ್ನು ಲಾಂಚು ನಿಲ್ಲುವ ಧಕ್ಕೆಗೆ ಬಿಡುವ, ತರುವ ಕೆಲಸ ಹಿಡಿದರು. ದಿನಾ ಬೆಳಿಗ್ಗೆ ಪಕ್ಕದ ಮನೆಯ ಟೀಚರಮ್ಮನ ಇಬ್ಬರು ಮಕ್ಕಳನ್ನು ಶಾಲೆಗೆ ಬಿಡುವುದೂ ಅವರೇ. ನಿಮ್ಮ ಕಣ್ಣು ಮಂಜಾಗುತ್ತಿದೆ ಎಂದು ಕಂಡಕ್ಟರಮ್ಮ ಹೇಳಿದಾಗಲೆಲ್ಲ ಕನ್ನಡಕ ಒರೆಸಿಕೊಂಡು, "ಧೂಳು ಕಣೇ" ಎಂದು ಮಾತು ಹಾರಿಸುತ್ತಿದ್ದರು.

ಧೂಳಲ್ಲ ಎಂದು ಇವತ್ತು ಡಾಕ್ಟರಮ್ಮ ಹೇಳಿದ್ದರು, ಅದೂ ಮುಚ್ಚುಮರೆಯಿಲ್ಲದೆ. "ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ. ನಿಮಗೆ ನೇರ ಇರೋದು ಕಾಣುತ್ತೆ, ಪಕ್ಕದ್ದು ಕಾಣಲ್ಲ. ಹೋಗಿರೋದು ವಾಪಸ್ ಬರಲ್ಲ. ಇನ್ಮೇಲೆ ಗಾಡಿ ಓಡಿಸಬೇಡಿ." ಡ್ರೈವರು ತಲೆಯಾಡಿಸಿ ಹೊರಗೆ ಬಂದರು. ಕಣ್ಣಿಗೆ ಹಾಕಿದ ಔಷಧಿಯ ಮಂಕು ಇಳಿಯುವವರೆಗೆ ಕಾದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಸ್ಟೇರಿಂಗ್ ಮುಂದೆ ಕೂತರು.

ಧಕ್ಕೆಯವರೆಗೆ ದಾರಿಯುದ್ದಕ್ಕೂ ಕಂಡಕ್ಟರಮ್ಮನ ಜೀವ ಬಾಯಿಗೆ ಬಂದಿತ್ತು. "ರೀ, ಎಡಕ್ಕೆ ಸೈಕಲ್ಲು!"

"ಕಾಣ್ತಾ ಇದೆ ಬಿಡೇ."

ಕಂಡಿರಲಿಲ್ಲ. ಆಕೆ ಕೂಗಿದ ಮೇಲೆ ಸ್ಟೇರಿಂಗ್ ತಿರುಗಿತ್ತು. ಇದು ಇಬ್ಬರಿಗೂ ಗೊತ್ತಿತ್ತು.

ಲಾಂಚು ಹೊರಟ ಮೇಲೆ ಅವರೇ ಶುರು ಮಾಡಿದರು. "ಡಾಕ್ಟರು ಹೇಳ್ತಾರೆ ಕಣೇ, ಅವರಿಗೇನು. ನಮ್ಮೂರ ರಸ್ತೇಲಿ ಇರೋದೇ ನಾಲ್ಕು ತಿರುವು. ಕಣ್ಣು ಮುಚ್ಚಿಕೊಂಡು ಓಡಿಸ್ತೀನಿ."

"ನನಗೆ ಅದೇ ಭಯ."

"ನಾಳೆ ಮಕ್ಕಳು ಕಾಯ್ತಿರ್ತಾವೆ. ಹೋಗದೇ ಇರೋಕಾಗುತ್ತಾ?"

ಮಕ್ಕಳ ಮಾತು ಬಂದಾಗ ಕಂಡಕ್ಟರಮ್ಮ ಗಂಡನ ಕಡೆ ತಿರುಗಿದಳು. ಬೇಡ ಎಂದು ಈಗಲೇ ಖಡಾಖಂಡಿತವಾಗಿ ಹೇಳಬೇಕು. ಆದರೆ ಹೇಳಿದರೆ ವಾದ, ವಾದವಾದರೆ ಮೌನ, ಮನೆಯಲ್ಲಿ ವಾರಗಟ್ಟಲೆ ಊದಿಕೊಂಡ ಮುಖ. ಮೈಯಲ್ಲಿ ಅಷ್ಟು ತ್ರಾಣವಿರಲಿಲ್ಲ. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡು ಗಾಳಿಗೆಂದು ಕಾರಿನಿಂದ ಇಳಿದಳು.

ಚಿಕ್ಕ ದ್ವೀಪದ ದೀಪಗಳು ಹತ್ತಿರವಾದವು. ಲಾಂಚು ದಡಕ್ಕೆ ತಾಗಿ, ಮುಂದಿನ ಕಬ್ಬಿಣದ ಹಲಗೆ ಇಳಿಯಿತು. ಡ್ರೈವರು ಎಂಜಿನ್ ಚಾಲೂ ಮಾಡಿದರು. ಹಗ್ಗ ಕಟ್ಟುವ ಲಾಂಚಿನಾಳು ವಾಹನಗಳ ಚಕ್ರಕ್ಕೆ ಕೊಟ್ಟಿದ್ದ ಮರದ ತುಂಡುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದ. ಇವರ ಕಾರಿನದನ್ನು ತೆಗೆದವನು ಅಲ್ಲೇ ಮುಂದೆ, ಎಡಕ್ಕೆ, ಪಕ್ಕದ ಲಾರಿಯ ಚಕ್ರಕ್ಕೆ ಬಗ್ಗಿದ. ಕಾರಿನ ಹಿಂದೆ ನಿಂತಿದ್ದ ಕಂಡಕ್ಟರಮ್ಮನ ಚಪ್ಪಲಿಯೊಳಗೆ ಕಲ್ಲೊಂದು ಸೇರಿಕೊಂಡು ಚುಚ್ಚುತ್ತಿತ್ತು. ಚಪ್ಪಲಿ ಕಳಚಿ, ಕಾರಿನ ತಗಡಿಗೆ ಬಡಿದು ಕೊಡವಿದಳು. ಟಪ್, ಟಪ್.

ಕಾರು ಹೊರಟುಬಿಟ್ಟಿತು.

"ಅಯ್ಯೋ!" ಎಂದು ಆಕೆ ಕಿರುಚಿಕೊಂಡಳು. ಕೈ ತಾನಾಗಿ ತಗಡಿನ ಮೇಲೆ ಒಮ್ಮೆ ಬಡಿಯಿತು. ಬ್ರೇಕು ಕಿರ್ರೆಂದಿತು. ಲಾಂಚಿನಾಳು ಲಾರಿಯ ಅಡಿಗೆ ಉರುಳಿಕೊಂಡಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಎದ್ದು ಬಂದು ಬಾಯಿಗೆ ಬಂದಂತೆ ಬೈದ. ಬೈಯದೆ ಏನು ಮಾಡುತ್ತಾನೆ ಪಾಪ, ಸಾಯುವುದರಲ್ಲಿದ್ದ.

ಡ್ರೈವರಿಗೆ ಯಾರು ಬೈಯುತ್ತಿದ್ದಾರೆ, ಯಾಕೆ ಎಂಬುದೇ ತಿಳಿದಿರಲಿಲ್ಲ. "ನೀನು ತಟ್ಟಿದೆಯಲ್ಲೇ? ಎರಡು ತಟ್ಟಿದೆ. ಅದಕ್ಕೇ ಬಿಟ್ಟೆ."

ಕಂಡಕ್ಟರಮ್ಮ ಲಾರಿಯ ಚಕ್ರದ ಕಡೆ ನೋಡಿದಳು. ಆ ಮನುಷ್ಯನ ಜಾಗದಲ್ಲಿ ಟೀಚರಮ್ಮನ ಚಿಕ್ಕ ಮಗಳು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರೆ? ಇನ್ನು ಮನೆಗೆ ಹೋಗಿ ಹೇಳುವ ಮಾತೇ ಇರಲಿಲ್ಲ. ಬಾಗಿಲು ತೆಗೆದು, "ಇಳೀರಿ" ಎಂದಳು.

"ಹಿಂದೆ ಗಾಡಿಯವರು ಹಾರ್ನ್ ಹೊಡೀತಿದ್ದಾರೆ ಕಣೇ..."

"ಹೊಡ್ಕೊಳ್ಳಲಿ. ಇಳೀರಿ ಅಂದ್ನಲ್ಲ!"

ಅವರು ಇಳಿದರು. ಲಾಂಚಿನಾಳನ್ನು ಆಕೆಯೇ ಕೈಮುಗಿದು ಬೇಡಿಕೊಂಡಳು. "ತಪ್ಪಾಯ್ತಪ್ಪಾ. ಇವರಿಗೆ ಪಕ್ಕದಲ್ಲಿರೋದು ಕಾಣಲ್ಲ. ಕಾರೊಂದು ಕೆಳಗಿಳಿಸಿ ಕೊಡು." ಹೊರಗಿನವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ಲಾಂಚಿನಾಳಿನ ಸಿಟ್ಟು ಅರ್ಧ ಇಳಿಯಿತು. ಗೊಣಗುತ್ತಲೇ ಕಾರನ್ನು ದಡಕ್ಕಿಳಿಸಿ ಗೋಡೆಯ ಬದಿಗೆ ನಿಲ್ಲಿಸಿ ಬಂದ.

"ತಗೊಳ್ಳಿ" ಎಂದು ಡ್ರೈವರ ಬಲಪಕ್ಕದಲ್ಲಿ ನಿಂತು ಕೀಲಿ ಚಾಚಿದ. ಡ್ರೈವರು ನೇರಕ್ಕೆ ನೋಡುತ್ತಾ ಕೈ ಒಡ್ಡಿದರು. "ಎಲ್ಲಪ್ಪಾ, ಕೊಡು." ಕೀಲಿ ಅಲ್ಲೇ, ಭುಜದ ಹತ್ತಿರ ತೂಗುತ್ತಿತ್ತು. "ಕೊಡಪ್ಪಾ" ಎಂದರು ಮತ್ತೆ. ಲಾಂಚಿನಾಳು ಕಂಡಕ್ಟರಮ್ಮನ ಮುಖ ನೋಡಿದ. ಆಕೆ ಕೀಲಿ ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಡ್ರೈವರು ಬರಿಗೈ ಮಡಚಿಕೊಂಡು ಕಟ್ಟೆಯ ಮೇಲೆ ಕೂತರು.

ಮನೆಗೆ ಹೋಗಲು ಯಾರಾದರೂ ಬರಬೇಕಿತ್ತು. ಆಕೆ ಟೀಚರಮ್ಮನಿಗೆ ಫೋನ್ ಮಾಡಿದಳು. ನಿಮ್ಮ ಯಜಮಾನರನ್ನು ಸ್ವಲ್ಪ ಧಕ್ಕೆಗೆ ಕಳಿಸಿಕೊಡಿ ಎಂದಳು. ಆಮೇಲೆ, "ಇನ್ನೊಂದು ವಿಷಯಮ್ಮಾ. ನಾಳೆಯಿಂದ ಮಕ್ಕಳನ್ನ ಬಿಡೋಕೆ ಇವರು ಬರಲ್ಲ" ಎನ್ನುವಷ್ಟರಲ್ಲಿ ಸ್ವರ ಒಡೆಯಿತು. ಅಳು ತಡೆಯಲಾಗಲಿಲ್ಲ.

ಡ್ರೈವರು ಆಕೆಯ ತೋಳು ಹಿಡಿದರು.

"ಬರಲ್ಲ ಅನ್ಬೇಡ ಕಣೇ. ಬರಲ್ಲ ಅಂತ ನಾನು ಯಾರಿಗೂ ಒಂದು ದಿನಾನೂ ಹೇಳಿದವನಲ್ಲ," ಎಂದರು. "ಕಣ್ಣು ಕಾಣಲ್ಲ ಅಂತ ಹೇಳು."