ದಮಿಯಾನಾಳ ಸಾರಿನ ಕಲ್ಲು

ದಮಿಯಾನಾ ಚೊಕೊಬಾರ್ ತೊಕೊನಾವೊ ಊರಿನಲ್ಲಿ ಹುಟ್ಟಿದ್ದು 1961ರ ಅಕ್ಟೋಬರ್ 18ರಂದು, ಬುಧವಾರ. ಚರ್ಚಿನ ಪುಸ್ತಕದಲ್ಲಿ ಇಪ್ಪತ್ತೆಂದಿರುವುದು ದೀಕ್ಷಾಸ್ನಾನದ ತಾರೀಖು, ಜನ್ಮದಿನವಲ್ಲ. ತಂದೆ ಕಲ್ಲುಕುಟಿಗ. ಯಾವ ಕಲ್ಲು ಬೆಂಕಿಯಲ್ಲಿ ಸಿಡಿದೀತು, ಯಾವುದು ಬಿಸಿ ಹಿಡಿದಿಟ್ಟೀತು ಎಂಬುದನ್ನು ಮಗಳೂ ತಟ್ಟಿ ನೋಡಿಯೇ ಹೇಳಬಲ್ಲಳು.

2017ರ ಜೂನ್ 5ರಿಂದ ಆಕೆ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಅಡುಗೆಯವಳು. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು, ಅಂದರೆ ಶಾಖವನ್ನು, ಕಾಣುವ ದೂರದರ್ಶಕ ಅಲ್ಲಿಯದು. ಸಾರಿನ ಬಟ್ಟಲಿಗೆ ಕಾದ ಕಲ್ಲು ಹಾಕಿ ಬಡಿಸುವುದು ಆಕೆಯ ಊರಿನ ಕ್ರಮ.

2019ರ ಮಾರ್ಚ್ 12, ಮಂಗಳವಾರ, ಎಂಜಿನಿಯರ್ ಇಸಿದೋರಾ ಊಟದ ಮೇಜಿನ ಮುಂದೆ ತಲೆ ಹಿಡಿದು ಕುಳಿತಿದ್ದಳು.

"ಕ್ಯಾಮೆರಾದಲ್ಲಿ ಒಂದು ಬಿಳಿ ಮಚ್ಚೆ, ಚಿಕ್ಕಮ್ಮ. ಐದು ದಿನದಿಂದ. ನಾಳೆ ಬಿಚ್ಚಿ ರಿಪೇರಿಗೆ ಕೆಳಗೆ ಕಳಿಸಬೇಕು. ನಾಲ್ಕು ತಿಂಗಳು ಹೋಯ್ತು ಅಂತಲೇ."

"ಮಚ್ಚೆ ಇಡೀ ದಿನ ಇರುತ್ತಾ?"

"ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಗುಮ್ಮಟ ಮುಚ್ಚಿ ಪರೀಕ್ಷೆ ಶುರುವಾದಾಗ ಜೋರಾಗಿರುತ್ತೆ, ಮಧ್ಯಾಹ್ನ ಒಂದರ ಹೊತ್ತಿಗೆ ಮಾಯ."

ದಮಿಯಾನಾಳ ಸೌಟು ನಿಂತಿತು. ದೂರದರ್ಶಕವಿರುವ ಗುಮ್ಮಟದ ಬಾಗಿಲು ಕಾಯುವ ನಿಕಾನೋರನ ಕಡೆ ತಿರುಗಿದಳು. ಅವನು ಬಟ್ಟಲಿನೊಳಗೇ ಮುಖ ಹುದುಗಿಸಿದ್ದ.

"ಏನೋ, ಚಳಿ ಅಂದೆ ಅಂತ ಐದು ದಿನದಿಂದ ನಾನು ಹತ್ತೂವರೆಗೆ ಕಾಯಿಸಿ ಕೊಡೋ ಕಲ್ಲು ಎಲ್ಲಿಡ್ತೀಯಾ?"

"ಮೇಲಿನ ಅಟ್ಟಣಿಗೆಯಲ್ಲಿ, ನಾನು ಕೂರೋ ಹಲಗೆ ಮೇಲೆ. ಪರೀಕ್ಷೆಗೆ ನಮ್ಮನ್ನೆಲ್ಲ ಹೊರಗೆ ಅಟ್ಟುತ್ತಾರಲ್ಲ, ವಾಪಸ್ ಬಂದಾಗ ಹಲಗೆ ಬೆಚ್ಚಗಿರಲಿ ಅಂತ..."

"ಗುಮ್ಮಟದೊಳಗೆ ಹೀಟರ್ ತರಬಾರದು ಅಂತ ಬೋರ್ಡ್ ಹಾಕಿದ್ದೀನಿ!" ಇಸಿದೋರಾ ಎದ್ದು ನಿಂತಳು.

"ಅದು ಹೀಟರ್ ಅಲ್ಲಮ್ಮ, ಸಾರಿನ ಕಲ್ಲು," ಎಂದ ನಿಕಾನೋರ್.

"ತಪ್ಪು ನಂದು, ಅವನನ್ನ ಬೈಬೇಡ," ಎಂದಳು ದಮಿಯಾನಾ. "ಆದ್ರೆ ನಿನ್ನ ಯಂತ್ರ ಅದನ್ನೇ ಕಂಡಿತಾ ಅಂತ ಖಾತ್ರಿ ಮಾಡ್ಕೋ. ನಾಳೆ ಕಲ್ಲಿಟ್ಟೂ ನೋಡು, ತೆಗೆದೂ ನೋಡು. ನಂಗೂ ತೋರಿಸು."

ಮರುದಿನ ಹನ್ನೊಂದಕ್ಕೆ ಪರದೆಯ ಮೇಲೆ ಮೊದಲು ಕಪ್ಪು, ಮಚ್ಚೆಯ ಸುಳಿವಿಲ್ಲ. ನಿಕಾನೋರ್ ಕಾದ ಕಲ್ಲನ್ನು ಹಲಗೆಯ ಮೇಲಿಟ್ಟು ಹೊರಬಂದೊಡನೆ ಬಿಳಿ ಮಚ್ಚೆ ಮೂಡಿತು. ಇಸಿದೋರಾ ನಕ್ಕಳು, ಕ್ಯಾಮೆರಾದ ಜೊತೆ ಕಳಿಸಲು ಕಟ್ಟಿಟ್ಟಿದ್ದ ಬಿಡಿಭಾಗಗಳ ಪೆಟ್ಟಿಗೆಯ ಹಗ್ಗ ಬಿಚ್ಚಲು ಹೇಳಿದಳು. ದಮಿಯಾನಾ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ಮಚ್ಚೆ ಪೂರ್ತಿ ಅಳಿದದ್ದು ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ.

"ಎರಡು ಗಂಟೆ ಮೇಲೆ! ಈ ಜಾತಿ ಕಲ್ಲು ಎರಡು ಗಂಟೆ ಬಿಸಿ ಬಿಡಲ್ಲ ಅಂತಿದ್ರು ಅಪ್ಪ. ಊರೆಲ್ಲ ನಂಬದೆ ನಗ್ತಿತ್ತು." ಆಕೆ ಏಪ್ರನ್ನಿನ ಜೇಬಿನಿಂದ ಇನ್ನೊಂದು ಕಲ್ಲು ತೆಗೆದಳು. "ಇದು ಹೊಳೆದಂಡೆಯದು. ನಾಳೆ ಇದನ್ನೂ ಒಮ್ಮೆ ನೋಡೋಣವೇ?"