ಭಾವನ ಮೀನೂ ನಾನು ತಿಕ್ಕಿದ ಗಾಜೂ

ನನ್ನ ಅಕ್ಕನ ಗಂಡ ವಾಚ್ ರಿಪೇರಿ ಮಾಡುವವರು. ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪು ಬಿಗಿದವರು. ನಾನು ಪೈಪು ಕೆಲಸದವನು. ಎಲ್ಲಿ ಕಟ್ಟಿದೆಯೋ ಅಲ್ಲಿ ತಿವಿಯುವುದೇ ನನ್ನ ಕಸುಬು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ.

ಅವರ ನಡುಮನೆಯಲ್ಲಿ ಮಂಚದುದ್ದದ ಗಾಜಿನ ತೊಟ್ಟಿ. ಒಳಗೆ ಸಮುದ್ರದ ಉಪ್ಪುನೀರು, ಕಲ್ಲು, ಹವಳ. ಮೀನು ಐದಾರಿದ್ದರೂ ಭಾವನ ಜೀವ ಒಂದರ ಮೇಲೆ. ಹೆಬ್ಬೆರಳುದ್ದದ ಮ್ಯಾಂಡರಿನ್ ಅನ್ನೋ ಜಾತಿಯದು, ಮೈತುಂಬ ಹಸಿರು, ನೀಲಿ, ಕಿತ್ತಳೆ ಗೆರೆ. ಉಳಿದವು ಉದುರಿಸಿದ ಕಾಳಿಗೆ ಮುಗಿಬಿದ್ದರೆ ಇದು ಮೂಸಿಯೂ ನೋಡದು. ಮೊದಲು ತಂದ ಎರಡು ಸೊರಗಿ ಸತ್ತಿದ್ದವಂತೆ. ಇದು ಮೂರು ವರ್ಷ ಬಾಳಿತ್ತು.

ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಅಂತಾಯಿತು. ಅಕ್ಕನ ಜೊತೆ, ಆಸ್ಪತ್ರೆ ಹತ್ತಿರವಿದ್ದ ಮಗಳ ಮನೆಗೆ ಹೊರಟರು. ಬೀಗದ ಕೈ ನನಗೆ.

"ನೀರು ಈ ಗೆರೆಗಿಂತ ಇಳಿದರೆ ಸಿಹಿನೀರು ಹಾಕು," ಅಂದರು.

"ಉಪ್ಪುನೀರಿಗೆ ಸಿಹಿನೀರಾ?"

"ಆವಿಯಾಗೋದು ನೀರು ಕಣೋ, ಉಪ್ಪಲ್ಲ. ಉಳಿದ ಮೀನಿಗೆ ಒಂದು ಚಿಟಿಕೆ ಕಾಳು. ಬೇರೇನೂ ಮಾಡಬೇಡ."

"ಮತ್ತೆ ನಿಮ್ಮ ಮಹಾರಾಣಿಗೆ?"

"ಅವಳ ಊಟ ಅವಳೇ ಹುಡುಕ್ಕೋತಾಳೆ."

"ಏನೂ ಮಾಡದೆ ಇರು ಅಂದ್ರೆ ಇವನಿಗೆ ಜ್ವರ ಬರುತ್ತೆ," ಅಂತ ಅಕ್ಕ ನಕ್ಕಳು.

ಎರಡನೇ ದಿನವೇ ನನ್ನ ಪಿತ್ತ ನೆತ್ತಿಗೇರಿತು. ಹಿಂದಿನ ಗಾಜಿನ ತುಂಬ ಕಂದು ಲೋಳೆ. ತೊಟ್ಟಿಯ ನೀರೇ ಹರಿದುಹೋಗಿ ಬರುವ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ, ಬಚ್ಚಲ ಪೈಪಿಗೆ ಕೂದಲು ಸಿಕ್ಕಿಕೊಂಡ ಹಾಗೆ ಪಾಚಿ. ಇಷ್ಟು ನಾಜೂಕಿನ ಮನುಷ್ಯ, ತೊಟ್ಟಿ ನೋಡಿದರೆ ಮೋರಿ. ಗಾಜು ತಿಕ್ಕಿದೆ, ಕಲ್ಲು ಉಜ್ಜಿದೆ. ಪಾಚಿಯನ್ನು ಉಪ್ಪುನೀರಿನ ಸಮೇತ ಬಕೆಟ್ಟಿಗೆ ಎತ್ತಿದೆ. ಪಾಚಿ ಪೈಪಿಗೆ ಸುರಿಯುವವರನ್ನು ಕಂಡರೆ ನನಗಾಗದು. ಬಕೆಟ್ಟನ್ನು ಬಚ್ಚಲ ಕಿಟಕಿಯಡಿ ಇಟ್ಟು ಮರೆತೆ.

ವಾರದೊಳಗೆ ಮಹಾರಾಣಿಯ ಹೊಟ್ಟೆ ಒಳಕ್ಕೆ ಹೋಯಿತು. ನನಗೆ ತಲೆಬುಡ ತಿಳಿಯಲಿಲ್ಲ. ಕಾಳು ಪುಡಿ ಮಾಡಿ ಹಾಕಿದೆ. ಸಿಗಡಿ ಕೊಚ್ಚಿ ಕಡ್ಡಿಯ ತುದಿಗೆ ಸಿಕ್ಕಿಸಿ ಬಾಯಿಗೇ ಹಿಡಿದೆ. ಅದು ನನ್ನನ್ನೊಮ್ಮೆ, ಕಡ್ಡಿಯನ್ನೊಮ್ಮೆ ನೋಡಿ ಆ ಕಡೆ ತಿರುಗಿತು. ಕಾಯಿಲೆಯೋ, ಕೊಬ್ಬೋ, ಯಜಮಾನರಿಲ್ಲದ ಕೊರಗೋ? ಮೀನಂಗಡಿಯವನನ್ನು ಕೇಳಿದೆ.

"ಏನು ಹಾಕ್ತಿದ್ದೀರಿ?" ಅಂದ.

"ಎಲ್ಲಾ."

"ಹಾಗಾದ್ರೆ ಏನೂ ಹಾಕಿಲ್ಲ," ಅಂದವನೇ ಬೇರೆ ಗಿರಾಕಿ ಕಡೆ ಹೋದ. ಇದೆಂಥ ಮಾತು? ಬೈದುಕೊಂಡೇ ಮನೆಗೆ ಬಂದೆ.

ಹನ್ನೆರಡನೇ ದಿನ ಭಾವ ಬಂದರು. ಒಂದು ಕಣ್ಣಿಗೆ ಮುಚ್ಚಳ, ಇನ್ನೊಂದು ಮೊದಲೇ ಮಂಜು. ತೊಟ್ಟಿಯ ಮುಂದೆ ನಿಂತು, "ಹಿಂದಿನ ಗಾಜಿನ ಮೇಲೆ ಹುಳ ಓಡಾಡ್ತಿವೆಯಾ?" ಅಂದರು.

"ಎಲ್ಲಿಯ ಹುಳ? ಕನ್ನಡಿ ಥರ ಇಟ್ಟಿದ್ದೀನಿ, ಭಾವ."

ಅವರು ಮೆಲ್ಲಗೆ ಕುರ್ಚಿ ಹಿಡಿದು ಕೂತರು. ಆ ಲೋಳೆಯಲ್ಲಿ, ಪಾಚಿಯಲ್ಲಿ, ರವೆಗಿಂತ ಸಣ್ಣ ಹುಳಗಳಿರುತ್ತವಂತೆ. ಅವನ್ನು ಜೀವಂತ ಹೆಕ್ಕಿ ತಿನ್ನುವುದೇ ಆ ಮೀನಿಗೆ ಇಡೀ ದಿನದ ಕೆಲಸವಂತೆ.

"ಮೊದಲೇ ಹೇಳೋದಕ್ಕೇನಾಗಿತ್ತು?" ಅಂತ ರೇಗಿದೆ.

"ಏನೂ ಮಾಡಬೇಡ ಅಂದಿದ್ದೆನಲ್ಲ."

ಅವರೇ ಮತ್ತೆ ಕೇಳಿದರು.

"ಪಾಚಿ ಎಲ್ಲಿ ಚೆಲ್ಲಿದೆ?"

"ಚೆಲ್ಲಿಲ್ಲ. ಪೈಪು ಕಟ್ಟಿಕೊಳ್ಳುತ್ತೆ ಅಂತ…" ಮಾತು ಮುಗಿಸದೆ ಬಚ್ಚಲಿಗೆ ಓಡಿದೆ.

ಬಕೆಟ್ಟು ತಂದಿಟ್ಟೆ. ಭಾವ ತಮ್ಮ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಹುಬ್ಬಿನಡಿ ನಿಲ್ಲದೆ ಅದು ಎರಡು ಸಲ ಬಿತ್ತು. ಮೂರನೇ ಸಲ ನೋಡಿದರೆ, ಪಾಚಿಯ ಎಳೆಯ ಮೇಲೆ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನಾನು ಗಲೀಜು ಅಂದದ್ದು ಇದನ್ನಾ?

ಪಾಚಿಯನ್ನೆಲ್ಲ ತೊಟ್ಟಿಗೆ ವಾಪಸು ಹಾಕಿದೆ. ನೀರು ಕದಡಿತು. ಮೀನು ಕಲ್ಲಿನ ಸಂದಿಯಿಂದ ಬಂದು ಪಾಚಿಯ ಮುಂದೆ ರೆಕ್ಕೆ ಬಡಿಯುತ್ತ ನಿಂತಿತು.

"ಕುಟುಕಿತಾ?" ಭಾವನ ಮುಖ ತೊಟ್ಟಿಯ ಕಡೆಗಿತ್ತು, ಆದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಬಾಯಿ ಮುಂದೆ ಹೋದದ್ದು ಕಂಡೆ. ತಿಂದಿತೋ, ಬರಿದೇ ತಾಗಿಸಿತೋ, ನಾನು ಹೇಗೆ ಹೇಳಲಿ?

"ಒಂದು ಸಲ," ಅಂದೆ. "ತಾಳಿ… ಇನ್ನೊಂದು."

"ಹೇಳ್ತಾ ಇರು," ಅಂದರು.

ಆ ಹೊತ್ತಿಗೆ ನಾನು ಒಂದು ಮನೆಯ ನಲ್ಲಿ ಸರಿಮಾಡಲು ಹೋಗಬೇಕಿತ್ತು. ಹೊರಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಒಂದೊಂದೇ ಹೇಳುತ್ತ ಹೋದೆ.